ಅಜ್ಜಿಗಾಗಿ ಕಲಿತ ಕನ್ನಡ

ಅರವತ್ತು ತುಂಬುವ ಹೊತ್ತಿಗೆ ನನಗೆ ಸಕ್ಕರೆ ಕಾಯಿಲೆ ಅಂಟಿಕೊಂಡಿತು. ಅಂದಿನಿಂದ ಮೂರು ತಿಂಗಳಿಗೊಮ್ಮೆ ಒಂದು ಭಾನುವಾರ ಮುಂಬೈ ಬಳಿಯ ನಮ್ಮ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿರುವ ಸಣ್ಣ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುವುದು ರೂಢಿ. ಹೋದ ವರ್ಷ ಬೇಸಿಗೆಯಲ್ಲಿ ಹೀಗೇ ಹೋಗಿದ್ದೆ. ನನ್ನ ಸರದಿಗೆ ಕಾಯುತ್ತ ವಿಜಯಪುರದ ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ನನ್ನ ದನಿ ಸ್ವಲ್ಪ ದೊಡ್ಡದು. ಲ್ಯಾಬಿನಲ್ಲಿದ್ದವರೆಲ್ಲ ಕೇಳಿಸಿಕೊಂಡಿರಬೇಕು.

ಒಳಗೆ ರಕ್ತ ತೆಗೆಯುವ ಹುಡುಗಿಗೆ ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು. ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಸೂಜಿ ಚುಚ್ಚಿ, ಸೀಸೆ ತುಂಬುವುದನ್ನೇ ನೋಡುತ್ತ ಮರಾಠಿಯಲ್ಲಿ ಕೇಳಿದಳು.

"ಕಾಕೂ, ನೀವು ಕನ್ನಡದವರಾ?"

ಹೌದು ಎಂದೆ.

"ನನಗೆ ಕಲಿಸ್ತೀರಾ?"

ಸೂಜಿ ಇನ್ನೂ ತೋಳಲ್ಲೇ ಇತ್ತು. ಇಲ್ಲ ಎನ್ನುವ ಧೈರ್ಯ ಯಾರಿಗೆ ಬರುತ್ತದೆ?

ಹತ್ತಿಯುಂಡೆ ಒತ್ತಿಕೊಂಡು ಕೂತಾಗ ಅವಳ ಕಥೆ ತಿಳಿಯಿತು. ಠಾಣೆ ಊರಿನ ಪಕ್ಕದ ಕಳವಾ ಎಂಬಲ್ಲಿ ಒಂದೇ ಕೋಣೆಯ ಮನೆ, ಅಪ್ಪ ರೈಲ್ವೆ ಕಾರ್‌ಶೆಡ್ಡಿನಲ್ಲಿ ಫಿಟ್ಟರ್. ಅವಳು ಮೆಚ್ಚಿದ ಹುಡುಗ ನವಿಮುಂಬೈಯ ಕೋಪರಖೈರಣೆಯವನು, ಉಡುಪಿ ಕಡೆಯ ಮನೆತನ. ಹುಡುಗನ ಅಪ್ಪ ಅಮ್ಮನಿಗೆ ತಕರಾರಿಲ್ಲ. ಆದರೆ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದಾರೆ. ಅಜ್ಜಿ ಒಪ್ಪಿದರೆ ಎಲ್ಲರೂ ಒಪ್ಪಿದ ಹಾಗೆ. ಅವರಿಗೆ ತಮ್ಮ ಭಾಷೆ, ತರಕಾರಿ ಕೊಳ್ಳುವಷ್ಟು ಹಿಂದಿ ಬಿಟ್ಟರೆ ಬೇರೇನೂ ಬಾರದು. "ಅವರ ಮುಂದೆ ಅವರ ಭಾಷೆಯಲ್ಲೇ ನಾಲ್ಕು ಮಾತಾಡಬೇಕು. ಅವನಿಗೆ ಹೇಳಿಲ್ಲ, ಗುಟ್ಟು," ಎಂದಳು.

ಭಾನುವಾರ ಲ್ಯಾಬ್ ಹತ್ತು ಗಂಟೆಗೆ ಮುಚ್ಚುತ್ತದೆ. ನಮ್ಮ ಮನೆಯಲ್ಲಿ ಕಲಿಸೋಣವೆಂದರೆ ಭಾನುವಾರ ನನ್ನ ಗಂಡನ ಟಿವಿ ಮಧ್ಯಾಹ್ನದವರೆಗೂ ಬಾಯಿ ಮುಚ್ಚುವುದಿಲ್ಲ. ಹಾಗಾಗಿ ಸ್ಟೇಷನ್ನಿಗೂ ಕಾಲೇಜಿಗೂ ನಡುವಿನ ರಸ್ತೆಯಲ್ಲಿರುವ ಹೋಟೆಲಿನಲ್ಲಿ ಹತ್ತೂಕಾಲಿಗೆ ಸೇರುವುದೆಂದು ಮಾತಾಯಿತು.

ಆ ಹೋಟೆಲು ನನಗೆ ಮೂವತ್ತು ವರ್ಷದಿಂದ ಗೊತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅದು ನಾಲ್ಕೇ ಮೇಜಿನ ಜಾಗ. ಈಗ ಪಕ್ಕದ ಅಂಗಡಿಯನ್ನೂ ಸೇರಿಸಿಕೊಂಡು ಗಾಜಿನ ಬಾಗಿಲು ಬಂದಿದೆ. ಗಲ್ಲಾದ ಮೇಲೆ ಕೂರುವ ಯಜಮಾನರು ಉಡುಪಿಯವರು. ಕಾಲೇಜಿನ ಮಕ್ಕಳು ಭಾನುವಾರ ಹತ್ತಕ್ಕೆ ಏಳುತ್ತಾರೆ, ತಿಂಡಿಗೆ ತಡ, ಊಟಕ್ಕೆ ಬೇಗ. ಅವರಿಗಾಗಿ ಎರಡು ವರ್ಷದ ಹಿಂದೆ ಬಾಗಿಲಲ್ಲಿ "ಸಂಡೆ ಬ್ರಂಚ್" ಎಂದು ಬೋರ್ಡು ತೂಗುಹಾಕಿದ್ದಾರೆ. ದೊಡ್ಡ ಸ್ಟೀಲಿನ ತಟ್ಟೆಯಲ್ಲಿ ಇಡ್ಲಿ, ಒಂದು ವಡೆ, ನೀರ್‌ದೋಸೆ, ಒಂದು ಸೌಟು ಬಿಸಿಬೇಳೆಬಾತ್, ಶೀರಾ, ಕೊನೆಗೆ ಕಾಫಿ.

"ಹೆಸರು ಮಾತ್ರ ಹೊಸತು ಮಾರಾಯ್ರೆ," ಎಂದು ಅವರು ನನಗೊಮ್ಮೆ ಹೇಳಿದ್ದರು. "ಮೊದಲು ಇದನ್ನೇ ಬೇರೆ ಬೇರೆ ತಟ್ಟೆಯಲ್ಲಿ ಕೊಡ್ತಿದ್ದೆ, ಯಾರೂ ಫೋಟೋ ತೆಗೀತಿರ್ಲಿಲ್ಲ. ಈಗ ಒಂದೇ ತಟ್ಟೆಯಲ್ಲಿ ಇಟ್ಟದ್ದಕ್ಕೆ ಬಾಗಿಲಲ್ಲಿ ಕ್ಯೂ ಉಂಟು."

ಕ್ಯೂ ಇದ್ದರೂ ನಮಗೆ ಮೂಲೆಯ ಮೇಜು ಸಿಗುತ್ತಿತ್ತು. ಹಳೆಯ ಗಿರಾಕಿ ಎಂಬ ಮರ್ಯಾದೆ.

ಮಾತಿನಿಂದ ಶುರುಮಾಡೋಣ ಎಂದು ನನ್ನ ಆಲೋಚನೆ. ಅವಳು ಒಪ್ಪಲಿಲ್ಲ. "ಕಣ್ಣಿಗೆ ಕಾಣದ್ದು ನನಗೆ ತಲೆಯಲ್ಲಿ ನಿಲ್ಲಲ್ಲ, ಅಕ್ಷರ ಮೊದಲು," ಎಂದು ಹಟ ಹಿಡಿದಳು. ಮಾದರಿ ಸೀಸೆಗಳಿಗೆ ಅಂಟಿಸುವ ಬಿಳಿ ಚೀಟಿಗಳ ಒಂದು ಸುರುಳಿಯನ್ನು ಅಂಗಡಿಯಿಂದ ತಂದು, ಒಂದೊಂದು ಚೀಟಿಯ ಮೇಲೆ ಒಂದೊಂದು ಅಕ್ಷರ ಬರೆಸಿಕೊಂಡಳು. ಮುಂದಿನ ವಾರ ಬರುವಷ್ಟರಲ್ಲಿ ಅವು ಅವಳ ಡಬ್ಬಿ, ಛತ್ರಿ, ರೈಲಿನ ಪಾಸಿನ ಹಿಂಬದಿ, ಎಲ್ಲದರ ಮೇಲೂ ಇದ್ದವು. ನಾಲ್ಕನೆಯ ವಾರಕ್ಕೆ ಗಲ್ಲಾದ ಮೇಲಿದ್ದ ಕನ್ನಡ ಪೇಪರನ್ನು ಯಜಮಾನರಿಂದ ಇಸಿದುಕೊಂಡು ತಲೆಬರಹ ಓದತೊಡಗಿದಳು.

ಅವಳಿಗೆ ತೊಡಕಾದದ್ದು ನಮ್ಮ ಎ-ಏ, ಒ-ಓ. ಮರಾಠಿಯಲ್ಲಿ ಆ ಭೇದವಿಲ್ಲ. ಕೊಡು ಎಂದರೆ ಕೋಡು ಎನ್ನುತ್ತಿದ್ದಳು. ಅವಳ ಬಾಯಲ್ಲಿ ಹೊಲಕ್ಕೆ ಬೇಳೆ ಬಂದಿತ್ತು, ಸಾರಿಗೆ ಬೆಳೆ ಬಿದ್ದಿತ್ತು. ನಾನು ನಕ್ಕರೆ ಅವಳೂ ನಗುತ್ತಿದ್ದಳು, ಮತ್ತೆ ಹೇಳುತ್ತಿದ್ದಳು. ಬಿಡುವಾದಾಗ ಯಜಮಾನರು ಬಂದು ನಿಲ್ಲುತ್ತಿದ್ದರು. ನಾನು "ಹೆಂಗದೀರಿ, ಆರಾಮ ಅದೀರೇನು?" ಎಂದು ಹೇಳಿಕೊಟ್ಟರೆ ಅವರು ಹಣೆ ಚಚ್ಚಿಕೊಳ್ಳುತ್ತಿದ್ದರು.

"ಅದೆಂತ ಬೈದ ಹಾಗೆ ಮಾತಾಡೋದು! ಹೇಗಿದ್ದೀರಿ, ಸೌಖ್ಯವಾ ಅಂತ ಹೇಳ್ಬೇಕು."

"ನಿಮ್ಮದು ಪುಸ್ತಕದಾಗಿನ ಭಾಷಾರೀ. ನಮ್ಮದು ಬಾಯಾಗಿನದು," ಎಂದು ನಾನು.

ಹುಡುಗಿ ಎರಡನ್ನೂ ಬರೆದುಕೊಳ್ಳುತ್ತಿದ್ದಳು. ಆದರೆ ಬಾಯಿಗೆ ಹತ್ತುತ್ತಿದ್ದುದು ನನ್ನದೇ.

ಮೂರನೆಯ ಭಾನುವಾರ ಒಂದು ಸಣ್ಣ ಸಂಗತಿ ನಡೆಯಿತು. ಅದನ್ನು ಮುಚ್ಚಿಡದೆ ಹೇಳಬೇಕು. ನೀರ್‌ದೋಸೆಯನ್ನು ಚಟ್ನಿಗೆ ಅದ್ದುತ್ತ ಅವಳು ಕೇಳಿದಳು, "ಕಾಕೂ, ಅವನು ಫೋನಿನಲ್ಲಿ ಅಮ್ಮನಿಗೆ 'ಬರ್ಪೆ' ಅಂದ. ಹಾಗಂದ್ರೆ?"

ನಮ್ಮ ಬಿಲ್ಡಿಂಗಿನಲ್ಲಿ ಕರಾವಳಿಯವರ ಮೂರು ಮನೆಗಳಿವೆ. ಮೆಟ್ಟಿಲ ಮೇಲೆ ಅವರ ಮಾತು ಕೇಳಿಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಬರ್ಪೆ ಎಂಬುದು ತುಳು ಎಂದು ನನಗೆ ಆ ಕ್ಷಣವೇ ತಿಳಿಯಿತು. ಆ ಮನೆಯಲ್ಲಿ ಅಜ್ಜಿ ಆಡುವ ಭಾಷೆ ನಾನು ಕಲಿಸುತ್ತಿರುವುದಲ್ಲ ಎಂಬುದೂ ತಿಳಿಯಿತು.

"ಬರ್ತೀನಿ ಅಂತ. ಅವರ ಕಡೆ ಹಂಗ ಅಂತಾರ," ಎಂದುಬಿಟ್ಟೆ.

ಅದು ಪೂರ್ತಿ ಸುಳ್ಳಲ್ಲ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಯಾಕೆ ಹಾಗೆ ಮಾಡಿದೆ? ಭಾನುವಾರಗಳು ನನಗೆ ರುಚಿ ಹತ್ತಿದ್ದವು. ನಿವೃತ್ತಿಯಾದ ಮೇಲೆ ನನ್ನನ್ನು ಏನಾದರೂ ಕೇಳಿ, ನಾನು ಹೇಳಿದ್ದನ್ನು ಬರೆದುಕೊಳ್ಳುವವರು ಯಾರೂ ಇರಲಿಲ್ಲ. ಮನೆಯಲ್ಲಂತೂ ಕನ್ನಡ ಯಾರಿಗೂ ಬೇಕಿರಲಿಲ್ಲ. ಈಗ ನಾನು ಕನ್ನಡದಲ್ಲಿ ಕೇಳಿದರೆ ಮಗ ಹಿಂದಿಯಲ್ಲಿ ಉತ್ತರ ಕೊಡುತ್ತಾನೆ, ಊಟ ಬೇಕೇ ಎಂದರೆ "ಬಾದ್ ಮೇ, ಮಮ್ಮಿ," ಆಮೇಲೆ ಎಂದು.

ಅವನಿಗೆ ಈ ಪಾಠದ ವಿಷಯ ಗೊತ್ತಾದಾಗ ಶೂ ಲೇಸು ಕಟ್ಟುತ್ತಿದ್ದ. ತಲೆಯೆತ್ತದೆ, "ಮೇರೇ ಕೋ ತೋ ಕಭೀ ನಹೀ ಸಿಖಾಯಾ," ಎಂದ. ನನಗಂತೂ ಯಾವತ್ತೂ ಕಲಿಸಲಿಲ್ಲ ಎಂದು. ಕೋಪವಿರಲಿಲ್ಲ ಆ ಮಾತಿನಲ್ಲಿ, ಮಳೆ ಬರುವ ಹಾಗಿದೆ ಎಂದಷ್ಟೇ ಸಹಜವಾಗಿ ಹೇಳಿದ. ಅವನು ಮೊದಲನೆಯ ಈಯತ್ತೆಯಲ್ಲಿದ್ದಾಗ ಟೀಚರು ನಮ್ಮಿಬ್ಬರನ್ನೂ ಕರೆಸಿ, ಮನೆಯಲ್ಲೂ ಶಾಲೆಯ ಹಾಗೆ ಹಿಂದಿಯನ್ನೇ ಮಾತಾಡಿ, ಹುಡುಗ ಹಿಂದೆ ಬೀಳುತ್ತಿದ್ದಾನೆ ಎಂದಿದ್ದರು. ನಾವು ಮರುದಿನದಿಂದಲೇ ಹಾಗೆ ಮಾಡಿದೆವು. ಅದನ್ನು ಅವನಿಗೆ ಹೇಳಬೇಕೆನಿಸಿತು. ಲೇಸು ಕಟ್ಟಿ ಮುಗಿಸಿ ಅವನು ಹೊರಟುಹೋದ.

ಹನ್ನೊಂದನೆಯ ಭಾನುವಾರ ಮಳೆ ಜೋರಿತ್ತು. ಗಾಡಿಗಳು ತಡವಾಗಿ, ಕಾಲೇಜಿನ ಮಕ್ಕಳು ಮನೆಯಲ್ಲೇ ಉಳಿದು, ಹೋಟೆಲು ಅರ್ಧ ಖಾಲಿ. ಬಿಡುವಾಗಿದ್ದ ಯಜಮಾನರು ನಮ್ಮ ಮೇಜಿಗೇ ಕುರ್ಚಿ ಎಳೆದುಕೊಂಡು ಕೂತರು.

"ಹುಡುಗನ ಊರು ಯಾವುದು ಅಂತ ನಾನು ಕೇಳಲೇ ಇಲ್ಲ ನೋಡಿ."

ಹುಡುಗಿ ಕನ್ನಡದಲ್ಲೇ ಹೇಳಿದಳು, ಹೆಮ್ಮೆಯಿಂದ. "ಕಾರ್ಕಳ ಹತ್ರ ಐತ್ರಿ." ಮನೆತನದ ಅಡ್ಡಹೆಸರನ್ನೂ ಹೇಳಿದಳು.

ಯಜಮಾನರ ಹುಬ್ಬು ಮೇಲೇರಿತು. "ಅಯ್ಯೋ, ಅವರ ಮನೆಯಲ್ಲಿ ತುಳು ಅಲ್ವಾ? ಅಜ್ಜಿ ಕನ್ನಡ ಎಂತಕ್ಕೆ ಮಾತಾಡ್ತಾರೆ?"

ತುಳು ಎಂದರೇನು ಎಂದು ಅವಳು ಮರಾಠಿಯಲ್ಲಿ ಕೇಳಿದಳು. ಬೇರೆಯೇ ಭಾಷೆ ಎಂದು ಅವರು ವಿವರಿಸಿದರು. ಅವಳು ಚಮಚ ಕೆಳಗಿಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ತುಂಬ ಮೆಲ್ಲಗೆ, "ಹಾಗಾದ್ರೆ ಬರ್ಪೆ?" ಎಂದಳು.

ಮರೆತಿರುತ್ತಾಳೆ ಎಂದುಕೊಂಡಿದ್ದೆ. ಕಿವಿಗೆ ಬಿದ್ದದ್ದನ್ನೂ ಬಿಡದ ಹುಡುಗಿ ಅದು.

"ತುಳು," ಎಂದೆ. "ನನಗ ಅವತ್ತೇ ಗೊತ್ತಿತ್ತು."

ತಟ್ಟೆಯಲ್ಲಿದ್ದ ಶೀರಾ ಮುಗಿಸಿದಳು, ಅನ್ನ ಬಿಸಾಡುವ ಅಭ್ಯಾಸವಿಲ್ಲದ ಮನೆಯವಳು. ಕೈ ತೊಳೆದು, ಛತ್ರಿ ಬಿಡಿಸಿ, ಮಳೆಯಲ್ಲಿ ಸ್ಟೇಷನ್ನಿನ ಕಡೆ ನಡೆದಳು. ಯಜಮಾನರು ಬಾಗಿಲನ್ನೂ ನನ್ನನ್ನೂ ನೋಡಿ, "ನಾನು ಬಾಯಿ ಬಿಡಬಾರದಿತ್ತಾ?" ಎಂದರು. ಬಿಡಬೇಕಾದದ್ದು ನಾನು, ನೀವಲ್ಲ ಎಂದೆ.

ಮುಂದಿನ ಭಾನುವಾರ ಹತ್ತೂಕಾಲಿಗೆ ಹೋಗಿ ಕೂತೆ. ಅವಳು ಬರಲಿಲ್ಲ. ಫೋನ್ ಮಾಡುವ ಮುಖವಿರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ಸುತ್ತ ಕಾಲೇಜಿನ ಹುಡುಗ ಹುಡುಗಿಯರು ಒಬ್ಬರ ತಟ್ಟೆಗೊಬ್ಬರು ಕೈಹಾಕಿ ತಿನ್ನುತ್ತಿದ್ದರು, ಪರೀಕ್ಷೆ, ಮೇಷ್ಟರು ಎಂದು ಗಲಾಟೆ ಮಾಡುತ್ತಿದ್ದರು. ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತು ಅಷ್ಟು ದೊಡ್ಡ ತಟ್ಟೆಯನ್ನು ಮುಗಿಸಲಾಗದೆ ನಾನು ಕಾಫಿ ಕುಡಿದು ಎದ್ದೆ.

ಅಷ್ಟರಲ್ಲಿ ಮೂರು ತಿಂಗಳಾಗಿತ್ತು. ರಕ್ತ ಪರೀಕ್ಷೆಯ ದಿನ ಬಂತು. ಬೇರೆ ಲ್ಯಾಬಿಗೆ ಹೋದರೆ ಹೇಗೆ ಎಂದು ರಾತ್ರಿಯೆಲ್ಲ ಹೊರಳಾಡಿ, ಬೆಳಿಗ್ಗೆ ಅಲ್ಲಿಗೇ ಹೋದೆ.

"ಮುಷ್ಟಿ ಬಿಗಿ ಹಿಡೀರಿ," ಎಂದಳು, ಅಪರಿಚಿತರಿಗೆ ಹೇಳುವ ಹಾಗೆ, ಆದರೆ ಕನ್ನಡದಲ್ಲಿ. ಸೂಜಿ ಚುಚ್ಚಿದಳು. ಸೀಸೆ ತುಂಬುತ್ತಿತ್ತು.

"ತಪ್ಪಾಯ್ತವಾ," ಎಂದೆ. "ಹೇಳಿದ್ರ ನೀ ಬರೋದು ಬಿಡ್ತಿ ಅಂತ ಹೇಳಲಿಲ್ಲ."

ಅವಳು ಸೂಜಿ ತೆಗೆದು ಹತ್ತಿ ಇಟ್ಟಳು. ನನ್ನ ಬೆರಳನ್ನೇ ಹಿಡಿದು ಹತ್ತಿಯ ಮೇಲೆ ಒತ್ತಿದಳು. "ಮೂರನೇ ವಾರ ಹೇಳಿದ್ರೂ ಬರ್ತಿದ್ದೆ," ಎಂದಳು ಮರಾಠಿಯಲ್ಲಿ. "ಅಕ್ಷರ ಅರ್ಧ ಆಗಿತ್ತಲ್ಲ." ಸೀಸೆಗೆ ಚೀಟಿ ಅಂಟಿಸುತ್ತ ಹೇಳಿದಳು, "ಬರೋ ಭಾನುವಾರ ಅವರ ಮನೆಗೆ ಕರೆದಿದ್ದಾರೆ. ಅಜ್ಜಿಯನ್ನ ನೋಡಲಿಕ್ಕೆ. ಅಪ್ಪ ಆಯೀ ಇಬ್ಬರಿಗೂ ಡ್ಯೂಟಿ ಇದೆ, ಒಬ್ಬಳೇ ಹೋಗಬೇಕು. ನೀವು ಬನ್ನಿ."

"ನಾ ಯಾಕ?"

"ನನ್ನ ಕನ್ನಡ ಕೇಳಿ ಅವರು ನಕ್ಕರೆ ಯಾರು ಕಲಿಸಿದ್ದು ಅಂತ ತೋರಿಸಬೇಕಲ್ಲ."

ಹೊರಡುವ ದಿನ ಬೆಳಿಗ್ಗೆ ಹೋಟೆಲಿಗೆ ಹೋಗಿ ಯಜಮಾನರಿಗೆ ವಿಷಯ ಹೇಳಿದೆ. ಅವರು ಬಿಲ್ಲಿನ ಹಾಳೆಯೊಂದರ ಹಿಂದೆ ಮೂರು ತುಳು ವಾಕ್ಯಗಳನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟರು. ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಕೂತ ಮೇಲೆ ಅವಳಿಗೆ ಕೊಟ್ಟೆ. ಹಾಳೆ ಬಿಡಿಸಿದವಳು ಮೆಲ್ಲಗೆ ಓದಿದಳು. "ಎಂಚ ಉಲ್ಲರ್. ಒಣಸ್ ಆಂಡಾ." ಓದಿ, ತಟ್ಟನೆ ನನ್ನ ಮುಖ ನೋಡಿದಳು.

"ಕಾಕೂ, ಇದು ಕನ್ನಡದ್ದೇ ಅಕ್ಷರ!"

"ಹೌದಲ್ಲ. ತುಳುನೂ ಇದರಾಗ ಬರೀತಾರ."

ಐರೋಲಿ ದಾಟಿ, ರಬಾಳೆ ದಾಟಿ, ಕೋಪರಖೈರಣೆ ಬರುವವರೆಗೂ ಅವಳು ಆ ಹಾಳೆಯನ್ನು ಓದುತ್ತಲೇ ಇದ್ದಳು. ಅವಳ ಬೆರಳಿನ ಬೆವರಿಗೆ ಹಾಳೆಯ ಅಂಚು ಮೆತ್ತಗಾಗಿತ್ತು.

ಹುಡುಗನ ಮನೆ ಎರಡನೆಯ ಮಹಡಿಯಲ್ಲಿ, ಎರಡು ಕೋಣೆಯದು. ಹುಡುಗನೇ ಬಾಗಿಲು ತೆರೆದ. ಅಪ್ಪ ಅಮ್ಮ ಬಾಯಿತುಂಬ ಮಾತಾಡಿಸಿದರು. ಅಜ್ಜಿ ಕಿಟಕಿಯ ಪಕ್ಕದ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಸಣ್ಣ ದೇಹ, ಬಿಳಿ ಕೂದಲಿನ ಗಂಟು, ದಪ್ಪ ಕನ್ನಡಕ. ಹುಡುಗಿ ಅವರ ಕಾಲು ಮುಟ್ಟಿ, ಎದ್ದು ನಿಂತು, ಪಾಠ ಒಪ್ಪಿಸುವ ಹಾಗೆ, "ಎಂಚ ಉಲ್ಲರ್?" ಎಂದಳು, ಹೇಗಿದ್ದೀರಿ ಎಂದು.

ಹುಡುಗನ ಬಾಯಿ ತೆರೆದೇ ಉಳಿಯಿತು. ಅಜ್ಜಿಯ ಮುಖ ಅರಳಿತು. ಅವರು ಒಂದೇ ಉಸಿರಿಗೆ ತುಳುವಿನಲ್ಲಿ ಏನೇನೋ ಹೇಳತೊಡಗಿದರು, ಕೇಳತೊಡಗಿದರು, ಉತ್ತರಕ್ಕೆ ಕಾದರು. ಹುಡುಗಿ ಹಾಳೆಯಲ್ಲಿದ್ದ ಎರಡನೆಯ ವಾಕ್ಯವನ್ನೂ ಹೇಳಿದಳು. ಊಟ ಆಯಿತೇ ಎಂದು. ಆಗ ಬೆಳಗಿನ ಹನ್ನೊಂದು ಗಂಟೆ. ಅಜ್ಜಿ ಮತ್ತಷ್ಟು ಮಾತಾಡಿದರು. ಹುಡುಗಿಯ ಕಿವಿ ಕೆಂಪಾಯಿತು. ಮೂರನೆಯ ವಾಕ್ಯ ಮರೆತುಹೋಗಿತ್ತು.

ಕೊನೆಗೆ ಕೈಜೋಡಿಸಿ, "ಅಜ್ಜಿ, ನನಗ ತುಳು ಬರಂಗಿಲ್ರಿ. ಕನ್ನಡ ಸ್ವಲ್ಪ ಬರತೈತ್ರಿ," ಎಂದಳು.

ಅಜ್ಜಿ ಹೊಟ್ಟೆ ಹಿಡಿದುಕೊಂಡು ನಗಲಾರಂಭಿಸಿದರು.

"ಇದೆಲ್ಲಿಯ ಕನ್ನಡ ಮಾರಾಯ್ತಿ? ಘಟ್ಟದ ಮೇಲಿನದ್ದಾ?"

"ಇವರದ್ದು," ಎಂದು ಅವಳು ನನ್ನ ಕಡೆ ಬೆರಳು ಮಾಡಿದಳು.

ಅಜ್ಜಿ ಐದನೆಯ ತರಗತಿಯವರೆಗೆ ಕನ್ನಡ ಶಾಲೆಗೆ ಹೋದವರಂತೆ. ಎಷ್ಟೋ ವರ್ಷದಿಂದ ಆ ಭಾಷೆಯಲ್ಲಿ ಯಾರೊಡನೆಯೂ ಮಾತಾಡಿರಲಿಲ್ಲವಂತೆ, ಓದುವುದಕ್ಕೆ ಮಾತ್ರ ಅದು. ನನ್ನ ಊರು, ಮನೆ, ಮಕ್ಕಳು ಎಲ್ಲ ಕೇಳಿದರು. ನಮ್ಮಿಬ್ಬರ ಕನ್ನಡದಲ್ಲಿ ಒಂದರ ಕಾಲು ಇನ್ನೊಂದಕ್ಕೆ ತೊಡರುತ್ತಿತ್ತು, ಆದರೂ ನಡೆಯಿತು.

ಹುಡುಗಿಯ ಕಣ್ಣು ಮಂಚದ ಕೆಳಗೆ ಬಿದ್ದಿತ್ತು. ಅಲ್ಲಿ ಕನ್ನಡ ವಾರಪತ್ರಿಕೆಗಳ ಒಂದು ಕಟ್ಟು. ಕೆಲವು ಅಂಚೆಯ ಸುತ್ತುಕಾಗದವನ್ನೂ ಬಿಚ್ಚದೆ ಹಾಗೇ ಇದ್ದವು. ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ನಿಗೆ ಹೆದರುತ್ತಾರೆ, ಪತ್ರಿಕೆ ನಿಲ್ಲಿಸಬೇಡಿ ಎನ್ನುತ್ತಾರೆ ಎಂದು ಹುಡುಗನ ಅಮ್ಮ ಹೇಳಿದರು. ಆ ಅಮ್ಮನಿಗೆ ಅಡುಗೆ, ಮನೆಗೆಲಸದ ನಡುವೆ ಓದಿ ಹೇಳಲು ಪುರುಸೊತ್ತಿಲ್ಲ. ಮೊಮ್ಮಗನಿಗೆ ಅಕ್ಷರ ಬಾರದು.

ಹುಡುಗಿ ಯಾರನ್ನೂ ಕೇಳದೆ ನೆಲದ ಮೇಲೆ ಕೂತು ಒಂದರ ಸುತ್ತುಕಾಗದ ಹರಿದಳು. ಬೆರಳಿಟ್ಟು ಓದಿದಳು. ಒಂದೊಂದು ಅಕ್ಷರಕ್ಕೂ ನಿಂತು, ಒತ್ತಕ್ಷರ ಬಂದಾಗ ಉಸಿರು ಬಿಗಿಹಿಡಿದು. "ಅಕಾಲ ಮಳೆಗೆ ಬೇಳೆ ಹಾನಿ."

"ಬೆಳೆ," ಎಂದರು ಅಜ್ಜಿ.

"ಬೆಳೆ," ಎಂದಳು.

"ಹಾಂ. ಮುಂದೆ ಓದು."

ಇಡೀ ಒಂದು ಪುಟ ಓದುವಷ್ಟರಲ್ಲಿ ಮುಕ್ಕಾಲು ಗಂಟೆಯಾಯಿತು. ಒಳಗೆ ನೀರ್‌ದೋಸೆ ಹುಯ್ಯುವ ಸದ್ದು ಕೇಳುತ್ತಿತ್ತು. ಹುಡುಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದ. ಅವಳನ್ನು ಅವನು ನೋಡುತ್ತಿದ್ದ ರೀತಿ ಕಂಡು ನಾನು ಕಿಟಕಿಯ ಕಡೆ ತಿರುಗಿದೆ. ಅವಳು ಓದಿದ್ದರಲ್ಲಿ ಎಷ್ಟು ಅವಳಿಗೆ ಅರ್ಥವಾಯಿತೋ ಕಾಣೆ, ಕಾಲು ಭಾಗ ಇರಬಹುದು. ಅಜ್ಜಿ ಪೂರ್ತಿ ಕೇಳಿದರು, ನಡುವೆ ಎರಡು ಸಲ ಕಣ್ಣೊರೆಸಿಕೊಂಡರು, ಪೊರೆಗೋ ಬೇರೆ ಯಾವುದಕ್ಕೋ.

ಹನ್ನೆರಡೂವರೆಗೆ ತಟ್ಟೆ ಬಂದವು. ತಿಂಡಿಯೂ ಅಲ್ಲ, ಊಟವೂ ಅಲ್ಲ. ಅಜ್ಜಿ ತಮ್ಮ ತಟ್ಟೆಯಿಂದ ಒಂದು ದೋಸೆಯನ್ನು ಹುಡುಗಿಯ ತಟ್ಟೆಗೆ ಹಾಕಿ ಮಗನ ಕಡೆ ನೋಡಿ ತುಳುವಿನಲ್ಲಿ ಎರಡೇ ಮಾತು ಹೇಳಿದರು. ಏನೆಂದು ಹುಡುಗಿ ಕಣ್ಣಲ್ಲೇ ಕೇಳಿದಳು. ಹುಡುಗ ಮರಾಠಿಯಲ್ಲಿ ಹೇಳಿದ, "ದಿನ ನೋಡು ಅಂತಿದ್ದಾರೆ."

ಮರಳಿ ಬರುವಾಗ ಗಾಡಿ ಖಾಲಿ ಇತ್ತು. ಅವಳು ಎದುರಿನ ಸೀಟಿನಲ್ಲಿ ಕೂತಳು. ನಾನು ಮತ್ತೆ ಕ್ಷಮೆ ಕೇಳುವ ಮಾತು ಜೋಡಿಸುತ್ತಿದ್ದೆ. ಅವಳು ತಾನೇ ಬಾಯಿಬಿಟ್ಟಳು.

"ನಾನು ಕೋಪ ಮಾಡಿಕೊಂಡದ್ದು ತುಳುವಿಗಲ್ಲ ಕಾಕೂ. ಲ್ಯಾಬಿನಲ್ಲಿ ರಿಪೋರ್ಟು ಕೆಟ್ಟದು ಬಂದರೂ ನಾವು ಮುಚ್ಚಿಡಲ್ಲ. ನೀವು ಮುಚ್ಚಿಟ್ಟಿರಿ."

"ಹೌದವಾ."

"ಇನ್ನು ಮುಂದೆ ಬೇಡ."

"ಇಲ್ಲ."

ಅಷ್ಟರ ಮೇಲೆ ಆ ವಿಷಯ ನಮ್ಮ ನಡುವೆ ಬರಲಿಲ್ಲ.

ಚಳಿಗಾಲದಲ್ಲಿ ಠಾಣೆ ಊರಿನ ಒಂದು ಸಣ್ಣ ಛತ್ರದಲ್ಲಿ ಮದುವೆಯಾಯಿತು. ನಾನೂ ನನ್ನ ಗಂಡನೂ ಹೋಗಿದ್ದೆವು. ಹೋಟೆಲಿನವರು ಭಾನುವಾರವೆಂದು ಬರಲಾಗದೆ ಒಂದು ಡಬ್ಬಿ ಶೀರಾ ಕಳಿಸಿದ್ದರು. ಇಬ್ಬರ ದುಡಿಮೆಗೆ ಇನ್ನೂ ದೂರದ ಬದಲಾಪುರದಲ್ಲಿ ಮಾತ್ರ ಮನೆ ಎಟುಕಿತು. ಅಜ್ಜಿ ಕೊನೆಗೂ ಆಪರೇಷನ್ ಮಾಡಿಸಿಕೊಂಡರು, ಈಗ ತಾವೇ ಓದುತ್ತಾರೆ. ಭಾನುವಾರ ಗಂಡ ಹೆಂಡತಿ ಕೋಪರಖೈರಣೆಗೆ ಹೋಗುವುದರಿಂದ ಅವಳಿಗೆ ನನ್ನ ಕಡೆ ಬರಲು ಬಿಡುವಿಲ್ಲ. ಅವಳೀಗ ತುಳು ಕಲಿಯುತ್ತಿದ್ದಾಳೆ. ಅಕ್ಷರ ಕಲಿಯುವ ಕೆಲಸವಿಲ್ಲವಲ್ಲ, ಬೇಗ ಬರುತ್ತಿದೆ ಎನ್ನುತ್ತಾಳೆ.

ಲ್ಯಾಬಿನಲ್ಲಿ ಮೂರು ತಿಂಗಳಿಗೊಮ್ಮೆ ಸಿಗುತ್ತಾಳೆ. ನನ್ನ ಸಕ್ಕರೆ ಏರಿದ್ದರೆ ಮೊದಲು ಬೈಯುವವಳು ಅವಳೇ.

ನಾನು ತಿಂಗಳಿಗೊಂದೆರಡು ಸಲ ಹೋಟೆಲಿಗೆ ಹೋಗುತ್ತೇನೆ. ಹೋದ ತಿಂಗಳು ಮಗನನ್ನೂ ಕರೆದೆ, ಬಂದ. ತಟ್ಟೆ ನೋಡಿ ಇಷ್ಟು ಯಾರು ತಿನ್ನುತ್ತಾರೆ ಎಂದು ಹಿಂದಿಯಲ್ಲಿ ಗೊಣಗಿದ, ಆಮೇಲೆ ಪೂರ್ತಿ ತಿಂದ. ಕಾಫಿ ಬರುವವರೆಗೆ ಅವನ ಮೊದಲನೆಯ ಈಯತ್ತೆಯ ಟೀಚರು ನಮ್ಮನ್ನು ಕರೆಸಿ ಹೇಳಿದ್ದನ್ನು ಅವನಿಗೆ ಹೇಳಿದೆ, ಕನ್ನಡದಲ್ಲೇ. ಅವನಿಗೆ ಆ ಟೀಚರ ನೆನಪಿರಲಿಲ್ಲ. ಅವರು ನೋಡಲು ಹೇಗಿದ್ದರು, ಆ ದಿನ ಅಪ್ಪ ಏನಂದರು, ತಾನು ಎಲ್ಲಿದ್ದೆ ಎಂದೆಲ್ಲ ಹಿಂದಿಯಲ್ಲಿ ಕೇಳುತ್ತ ಹೋದ. ನನಗೆ ನೆನಪಿದ್ದಷ್ಟು ಹೇಳಿದೆ. ಬಾಗಿಲಲ್ಲಿ ಕಾಯುವವರು ಹೆಚ್ಚಾಗಿದ್ದರು. ನಾವು ಎದ್ದು ಮೇಜು ಬಿಟ್ಟುಕೊಟ್ಟೆವು.